ಜಾಝ್‌ಗೆ ಬ್ಲೇಡ್ ಹಾಕಿದ ಕಥೆ

ಚಿಂತಾಮಣಿಯ ನಮ್ಮ ಮನೆಯಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು. ಅದಕ್ಕೆ ಕ್ಯಾಸೆಟ್ ತಿನ್ನುವ ಚಟ. ಹಾಡು ಚೆನ್ನಾಗಿ ಓಡುತ್ತಿರುವಾಗಲೇ ಗೊರಗೊರ ಅಂದು, ಒಳಗಿನ ಕಂದು ರಿಬ್ಬನ್ನನ್ನೆಲ್ಲ ರೋಲರ್‌ಗೆ ಸುತ್ತಿಕೊಂಡುಬಿಡುತ್ತಿತ್ತು. ಆಮೇಲೆ ಚಿಕ್ಕಪ್ಪನ ಆಪರೇಷನ್ ಶುರು. ಸುಕ್ಕಾದ ಭಾಗವನ್ನು ಕತ್ತರಿಸಿ ಎಸೆಯುತ್ತಿದ್ದರು. ಎರಡು ತುದಿ ಸೇರಿಸಿ ಸೆಲ್ಲೋಟೇಪ್ ಅಂಟಿಸುತ್ತಿದ್ದರು. ಪೆನ್ಸಿಲ್ ತೂರಿಸಿ ಸುತ್ತಿ ಕೊಡುತ್ತಿದ್ದರು. ಹಾಡು ಮತ್ತೆ ಬರುತ್ತಿತ್ತು, ಆದರೆ ಚರಣದ ಎರಡನೇ ಸಾಲಿನ ಅರ್ಧದಿಂದ ಮೂರನೇ ಸಾಲಿನ ನಡುವಿಗೆ ಹಾರಿಬಿಡುತ್ತಿತ್ತು. ನಾವು ಮಕ್ಕಳು ಅದನ್ನು ಹಾಗೇ ಕಲಿತೆವು. ಅಂತ್ಯಾಕ್ಷರಿಯಲ್ಲೂ ಅದೇ ಜಿಗಿತ. ನಿಜವಾದ ಹಾಡು ಬೇರೆಯೇ ಇದೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಕೋಲಾರದ ಬಸ್ಸಿನಲ್ಲಿ. ಕೇಳಿ ಸ್ವಲ್ಪ ಬೇಜಾರೇ ಆಯಿತು. ನಮ್ಮ ಮನೆಯದೇ ಚೆನ್ನಾಗಿತ್ತು.

ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಒಂದು ಗೇಣು ಟೇಪು ಕತ್ತರಿಸಿ ಎಸೆದರೆ ಸುಮಾರು ನಾಲ್ಕು ಸೆಕೆಂಡ್ ಹಾಡು ಮಾಯ. ಚಿಕ್ಕಪ್ಪನಿಗೆ ಅದು ರಿಪೇರಿ ಕೆಲಸ. ಅದೇ ಕೆಲಸವನ್ನು ಬೇಕಂತಲೇ ಮಾಡಿ ಸಂಗೀತ ಕಟ್ಟಿದವರೂ ಇದ್ದಾರೆ. ಅದೂ ಜಾಝ್‌ನಲ್ಲಿ. ಆ ಹೊತ್ತಿಗೆ ಹೊಳೆದದ್ದನ್ನು ಆ ಹೊತ್ತಿಗೇ ನುಡಿಸುವ ಸಂಗೀತ ಅದು. ಅದನ್ನು ಕತ್ತರಿಸಿ, ಹಿಂದಿನದನ್ನು ಮುಂದೆ ಹಾಕಿ, ಒಂದೇ ತುಂಡನ್ನು ನಾಲ್ಕು ಸಲ ಅಂಟಿಸಿದರೆ ಅದು ಇನ್ನೂ ಜಾಝೇನಾ? ನಮ್ಮ ಕಾಲೇಜು ಭಾಷೆಯಲ್ಲಿ ಬ್ಲೇಡ್ ಹಾಕುವುದು ಅಂದರೆ ಕೊರೆಯುವುದು. ಇಲ್ಲಿ ಹಾಗಲ್ಲ. ಇದು ನಿಜವಾದ ರೇಜರ್ ಬ್ಲೇಡು.

ಜಾಝ್ ಹೆಚ್ಚು ಕೇಳದವರಿಗೆ ಮೊದಲು ಒಂದು ಮಾತು. ಕಛೇರಿಯ ಕಲ್ಪನಾಸ್ವರ ಗೊತ್ತಿದ್ದರೆ ನಿಮಗೆ ಅರ್ಧ ಜಾಝ್ ಗೊತ್ತಿದ್ದ ಹಾಗೆ. ಕೃತಿ ಮೊದಲೇ ಇರುತ್ತದೆ. ಸ್ವರ ಹಾಕುವಾಗ ಗಾಯಕರು ಹೊಳೆದದ್ದನ್ನು ಹಾಡುತ್ತಾರೆ, ಪಿಟೀಲಿನವರು ಉತ್ತರ ಕೊಡುತ್ತಾರೆ, ಮೃದಂಗದವರು ಬೆನ್ನಿಗೆ ನಿಲ್ಲುತ್ತಾರೆ. ಜಾಝ್‌ನಲ್ಲೂ ಒಂದು ಹಾಡು ಇರುತ್ತದೆ. ಅದನ್ನೊಮ್ಮೆ ನುಡಿಸಿ, ಆಮೇಲೆ ಒಬ್ಬೊಬ್ಬರಾಗಿ ಮನೋಧರ್ಮಕ್ಕೆ ಇಳಿಯುತ್ತಾರೆ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮಲ್ಲಿ ತಂಬೂರಿ ಕದಲುವುದಿಲ್ಲ. ಮೊದಲಿಂದ ಮಂಗಳದವರೆಗೆ ಅದೇ ಷಡ್ಜ, ಅದೇ ಪಂಚಮ. ಹಳೆಯ ಜಾಝ್‌ನಲ್ಲಿ ಕಾಲ ಕೆಳಗಿನ ನೆಲವೇ ಸರಿಯುತ್ತಿರುತ್ತದೆ. ಪಿಯಾನೊದವರು ಹಿಡಿಯುವ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಮೂರ್ನಾಲ್ಕು ಸ್ವರಗಳ ಗೊಂಚಲು, ಒಂದೆರಡು ಆವರ್ತಕ್ಕೊಮ್ಮೆ ಬದಲಾಗುತ್ತದೆ. ಸಾಮಾನ್ಯವಾಗಿ ಇಂಥ 32 ಆವರ್ತ ಸೇರಿದರೆ ಒಂದು ಸುತ್ತು. ಸುತ್ತು ಮುಗಿದರೆ ಮತ್ತೆ ಮೊದಲಿಂದ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ರೆಕಾರ್ಡಿಂಗ್ ಬಂದ ಹೊಸತರಲ್ಲಿ ಅದರ ಕೆಲಸ ಫೋಟೊ ತೆಗೆದ ಹಾಗೆ ಇತ್ತು. ನುಡಿಸಿದ್ದನ್ನು ನುಡಿಸಿದಂತೆ ಹಿಡಿಯುವುದು, ಅಷ್ಟೆ. ಆದರೆ ಕ್ಯಾಮೆರಾ ಕೈಗೆ ಬಂದ ಮೇಲೆ ಸಿನಿಮಾದವರು ಡಬಲ್ ಆಕ್ಟಿಂಗ್ ಮಾಡಿಸದೆ ಬಿಟ್ಟರಾ? ಸಂಗೀತದಲ್ಲೂ ಹಾಗೇ ಆಯಿತು. 1941ರ ಏಪ್ರಿಲ್‌ನಲ್ಲಿ ಸಿಡ್ನಿ ಬೆಶೇ ಎಂಬ ಜಾಝ್ ವಾದಕರು ಒಂದೇ ಹಾಡಿಗೆ ಆರು ವಾದ್ಯ ನುಡಿಸಿದರು. ಎರಡು ಬಗೆಯ ಸ್ಯಾಕ್ಸೋಫೋನ್, ಕ್ಲ್ಯಾರಿನೆಟ್, ಪಿಯಾನೊ, ಬಾಸ್, ಡ್ರಮ್ಸ್, ಎಲ್ಲಾ ಒಬ್ಬರೇ. ಆಗ ಅಮೆರಿಕದ ಸ್ಟುಡಿಯೊಗಳಿಗೆ ಟೇಪು ಬಂದಿರಲಿಲ್ಲ. ಒಂದು ವಾದ್ಯವನ್ನು ಗ್ರಾಮಫೋನ್ ತಟ್ಟೆಯ ಮೇಲೆ ಕೊರೆದು, ಅದನ್ನು ಕೇಳುತ್ತಾ ಇನ್ನೊಂದು ನುಡಿಸಿ, ಎರಡನ್ನೂ ಸೇರಿಸಿ ಹೊಸ ತಟ್ಟೆಗೆ ಇಳಿಸಬೇಕಿತ್ತು. ತಾಲ್ಲೂಕು ಕಚೇರಿ ಎದುರಿನ ಅಂಗಡಿಯಲ್ಲಿ ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸ್ ತೆಗೆಸಿದ್ದೀರಾ? ಮೊದಲು ಬರೆದ ಅಕ್ಷರ ಹೇಗೆ ಮಸುಕಾಗುತ್ತದೋ ಹಾಗೇ ಮೊದಲು ನುಡಿಸಿದ ವಾದ್ಯ ಹಿಂದಕ್ಕೆ ಹೋಗಿಬಿಡುತ್ತಿತ್ತು.

ಟೇಪು ಬಂದ ಮೇಲೆ ಈ ಕಷ್ಟ ಕಡಿಮೆಯಾಯಿತು, ಜಗಳ ಜಾಸ್ತಿಯಾಯಿತು. ಪಿಯಾನೊ ವಾದಕ ಲೆನಿ ಟ್ರಿಸ್ಟಾನೊ 1956ರಲ್ಲಿ ಹೊರತಂದ ಆಲ್ಬಮ್‌ನಲ್ಲಿ ಪಿಯಾನೊದ ಮೇಲೆ ಪಿಯಾನೊ ಕೂರಿಸಿದ್ದರು, ಟೇಪಿನ ವೇಗವನ್ನೂ ಬದಲಾಯಿಸಿದ್ದರು. ನಿಧಾನವಾಗಿ ಓಡುವ ಟೇಪಿಗೆ ನುಡಿಸಿ, ಆಮೇಲೆ ಅದನ್ನು ವೇಗವಾಗಿ ಓಡಿಸಿದರೆ ಲಯದ ಜೊತೆಗೆ ಶ್ರುತಿಯೂ ಏರುತ್ತದೆ. ಎರಡರಷ್ಟು ವೇಗಕ್ಕೆ ಒಂದು ಸ್ಥಾಯಿ ಮೇಲೆ. ಸುಮಾರು 6 ಶೇಕಡ ವೇಗ ಹೆಚ್ಚಿಸಿದರೆ ಅರ್ಧ ಮನೆ ಶ್ರುತಿ ಮೇಲೆ. ಹಾರ್ಮೋನಿಯಂನವರಿಗೆ ಈ ಲೆಕ್ಕ ಥಟ್ಟನೆ ಗೊತ್ತಾಗುತ್ತದೆ. ಟ್ರಿಸ್ಟಾನೊ ಹೀಗೆ ಮಾಡಿದ್ದಕ್ಕೆ ಇದು ಮೋಸ, ಕೈಯಲ್ಲಿ ಇಲ್ಲದ್ದನ್ನು ಮೆಷಿನ್‌ನಿಂದ ತೋರಿಸಿದ್ದಾರೆ ಅಂತ ಕೂಗೆದ್ದಿತು. ಏಳು ವರ್ಷ ಕಳೆಯಿತು. 1963ರಲ್ಲಿ ಬಿಲ್ ಇವಾನ್ಸ್ ಒಬ್ಬರೇ ಮೂರು ಪಿಯಾನೊ ನುಡಿಸಿ ಒಂದರ ಮೇಲೊಂದು ಸೇರಿಸಿದರು. ಅವರಿಗೆ ಗ್ರ್ಯಾಮಿ ಸಿಕ್ಕಿತು! ಕಿವಿ ಅಷ್ಟರಲ್ಲಿ ಒಗ್ಗಿಹೋಗಿತ್ತು ಅಂತ ಕಾಣುತ್ತದೆ.

ಇವೆಲ್ಲ ಮೇಲೆ ಮೇಲೆ ಪೇರಿಸುವ ಕೆಲಸ. ಕತ್ತರಿಸಿ ಜೋಡಿಸುವುದು ಬೇರೆಯೇ ವಿದ್ಯೆ.

ಸ್ಟುಡಿಯೊದ ಟೇಪು ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತಿತ್ತು, ನಮ್ಮ ಕ್ಯಾಸೆಟ್ಟಿನ ಎಂಟು ಪಟ್ಟು. ಆದ್ದರಿಂದ ಅಲ್ಲಿ ಒಂದು ಗೇಣು ಅಂದರೆ ಅರ್ಧ ಸೆಕೆಂಡ್ ಅಷ್ಟೆ. ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಸುಮಾರು ನಾಲ್ಕು ಮಿಲಿಮೀಟರ್ ಜಾಗ ಸಿಗುತ್ತದೆ, ಬ್ಲೇಡು ಇಡಲು ಧಾರಾಳ. ಎಡಿಟರ್ ಎರಡು ಕೈಯಿಂದ ಎರಡು ರೀಲು ಹಿಡಿದು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸುತ್ತಾರೆ. ಟೇಪು ಹೆಡ್ಡಿನ ಮೇಲೆ ಉಜ್ಜಿದಾಗ ಶಬ್ದ ವ್ವೋಂ... ವ್ವೋಂ... ಅಂತ ಗೊಣಗುತ್ತದೆ. ಡ್ರಮ್ಮಿಗೆ ಏಟು ಬೀಳುವ ಜಾಗ ಸಿಕ್ಕ ತಕ್ಷಣ ಟೇಪಿನ ಬೆನ್ನ ಮೇಲೆ ಪೆನ್ಸಿಲ್ ಗುರುತು. ಆಮೇಲೆ ಉದ್ದಕ್ಕೆ ಕಾಲುವೆಯಂಥ ಸಂದು ತೋಡಿದ ಲೋಹದ ಪಟ್ಟಿಯಲ್ಲಿ ಅದನ್ನು ಕೂರಿಸಿ, ಓರೆಯಾಗಿ ಒಂದು ಗೆರೆ. ನೇರ ಕತ್ತರಿಸಿದರೆ ಸೇರಿದ ಕಡೆ ಟಕ್ ಅನ್ನುತ್ತದೆ. ಓರೆ ಕತ್ತರಿಸಿದರೆ ಹಳೆಯ ಶಬ್ದ ಜಾರುತ್ತಾ ಹೊಸದು ಒಳಗೆ ಬರುತ್ತದೆ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಆ ಕೆಲಸ ಮಾಡುವವರನ್ನೂ ರೀಲರ್ ಅಂತಲೇ ಕರೆಯುತ್ತೇವೆ! ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆ ಎತ್ತಿ, ಹಲವು ಎಳೆ ಸೇರಿಸಿ ಒಂದು ನೂಲು ಮಾಡುತ್ತಾರೆ. ಒಂದು ಗೂಡಿನ ಎಳೆ ಬಿಡಿಸಿದರೆ ಕಿಲೋಮೀಟರ್ ಹತ್ತಿರ ಬರುತ್ತದೆ. ಅದು ಮುಗಿದರೆ ಅಥವಾ ಹರಿದರೆ ರಾಟೆ ಓಡುತ್ತಿರುವಾಗಲೇ ಬೇರೆ ಗೂಡಿನ ತುದಿಯನ್ನು ಬೆರಳಿನಿಂದ ಎಸೆದು ಸೇರಿಸುತ್ತಾರೆ. ಸೀರೆ ಉಟ್ಟವರಿಗೆ ಎಷ್ಟು ಕಡೆ ಸೇರಿದೆ ಅಂತ ಗೊತ್ತೇ ಆಗುವುದಿಲ್ಲ. ಆದರೆ ಎಳೆಯ ದಪ್ಪ ಹೊಂದಬೇಕು. ದಪ್ಪ ಹೆಚ್ಚುಕಮ್ಮಿಯಾದರೆ ನೂಲು ಗಂಟು ಗಂಟು.

ಸಂಗೀತದಲ್ಲಿ ಆ ದಪ್ಪ ಯಾವುದು? ಮೂರು ಇವೆ: ಶ್ರುತಿ, ಲಯ, ಕೆಳಗಿನ ಕಾರ್ಡ್. ಈಗ ಆ 32 ಆವರ್ತದ ಹಳೆಯ ಜಾಝ್ ಹಾಡು ತೆಗೆದುಕೊಳ್ಳಿ. ಹತ್ತನೇ ಆವರ್ತದ ತುಂಡನ್ನು ಇಪ್ಪತ್ತಮೂರನೆಯದಕ್ಕೆ ಅಂಟಿಸಿದರೆ ಕಾರ್ಡ್ ಹೊಂದುವುದಿಲ್ಲ. ಕೃತಿಯ ಅನುಪಲ್ಲವಿಯ ಅರ್ಧವನ್ನು ಚರಣದ ನಡುವೆ ತುರುಕಿದ ಹಾಗೆ. ಆಲಾಪನೆಯಲ್ಲಿ ಹಾಗಾಗುವುದಿಲ್ಲ. ಒಂದೇ ರಾಗ, ಒಂದೇ ಶ್ರುತಿ, ತಾಳದ ಗೊಡವೆ ಇಲ್ಲ. ಎರಡನೇ ನಿಮಿಷದ ತುಂಡನ್ನು ಒಂಬತ್ತನೇ ನಿಮಿಷಕ್ಕೆ ಅಂಟಿಸಿದರೂ ರಾಗ ಕೆಡುವುದಿಲ್ಲ. ರಾಗ ಬೆಳೆದ ಕ್ರಮ ಕೆಡುತ್ತದೆ, ಅದು ಬೇರೆ ಮಾತು.

ಜಾಝ್ ಈ ಕಡೆಗೆ ಹೊರಳಿದ್ದು 1959ರ ಆಸುಪಾಸಿನಲ್ಲಿ. ಕಹಳೆಗಾರ, ಅಂದರೆ ಟ್ರಂಪೆಟ್ ಊದುವ, ಮೈಲ್ಸ್ ಡೇವಿಸ್ ಆ ವರ್ಷದ ಕೈಂಡ್ ಆಫ್ ಬ್ಲೂ ಆಲ್ಬಮ್‌ನಲ್ಲಿ ಕಾರ್ಡ್‌ಗಳ ಓಡಾಟವನ್ನು ಬಹಳ ಕಡಿಮೆ ಮಾಡಿದರು. ಅದರ ಮೊದಲ ಹಾಡು ಸೋ ವಾಟ್‌ನಲ್ಲಿ ಇರುವುದು ಒಂದೇ ಬಗೆಯ ಸ್ವರಶ್ರೇಣಿ. ಹದಿನಾರು ಆವರ್ತ ಅಲ್ಲೇ ನಿಂತು, ಎಂಟು ಆವರ್ತ ಅರ್ಧ ಮನೆ ಮೇಲಕ್ಕೆ ಹೋಗಿ, ಮತ್ತೆ ಎಂಟು ಆವರ್ತ ಕೆಳಗಿಳಿಯುತ್ತದೆ. ನೆಲ ಹೆಚ್ಚುಕಡಿಮೆ ನಿಂತಿತು. ಇದನ್ನು ಸಾಮಾನ್ಯವಾಗಿ ವಾದಕರಿಗೆ ಸಿಕ್ಕ ಸ್ವಾತಂತ್ರ್ಯ ಅಂತ ವಿವರಿಸುತ್ತಾರೆ. ಸರಿಯೇ. ಆದರೆ ಕತ್ತರಿ ಹಿಡಿದವರಿಗೂ ಅವತ್ತೇ ಸ್ವಾತಂತ್ರ್ಯ ಸಿಕ್ಕಿತು ಅನ್ನುವುದನ್ನು ಯಾಕೋ ಯಾರೂ ಹೆಚ್ಚು ಹೇಳುವುದಿಲ್ಲ.

ಮೊದಲು ಅದನ್ನು ಹಿಡಿದವರಲ್ಲಿ ಒಬ್ಬರು ಜಾಝ್‌ನವರೇ ಅಲ್ಲ. 1963ರಲ್ಲಿ ಟೆರಿ ರೈಲಿ ಎಂಬ ಅಮೆರಿಕದ ಯುವಕ ಪ್ಯಾರಿಸ್ಸಿನಲ್ಲಿ ಒಂದು ನಾಟಕಕ್ಕೆ ಸಂಗೀತ ಮಾಡಬೇಕಿತ್ತು. ಚೆಟ್ ಬೇಕರ್ ಎಂಬ ಹೆಸರಾಂತ ಕಹಳೆಗಾರರ ತಂಡ ಅಲ್ಲೇ ಇತ್ತು. ಅವರ ಕೈಲಿ ಅದೇ ಸೋ ವಾಟ್ ನುಡಿಸಿ ರೆಕಾರ್ಡ್ ಮಾಡಿದರು. ಆಮೇಲೆ ಎರಡು ಟೇಪ್ ಮೆಷಿನ್ ಅಕ್ಕಪಕ್ಕ ಇಟ್ಟು ಒಂದೇ ಟೇಪನ್ನು ಎರಡಕ್ಕೂ ಎಳೆದು ಕಟ್ಟಿದರು. ಮೊದಲ ಮೆಷಿನ್ ರೆಕಾರ್ಡ್ ಮಾಡುತ್ತದೆ. ಟೇಪು ಅಲ್ಲಿಂದ ಹೊರಟು ಎರಡನೆಯದನ್ನು ಮುಟ್ಟಿದಾಗ ಅದು ನುಡಿಯುತ್ತದೆ. ನುಡಿದದ್ದನ್ನು ಮತ್ತೆ ಮೊದಲ ಮೆಷಿನ್ನಿಗೆ ಕೊಟ್ಟರೆ ಹೊಸದರ ಜೊತೆ ಹಳೆಯದೂ ಸೇರಿ ದಾಖಲಾಗುತ್ತದೆ. ಎರಡರ ನಡುವೆ ಎರಡು ಮೀಟರ್ ದೂರ, ಟೇಪಿನ ವೇಗ ಸೆಕೆಂಡಿಗೆ 38 ಸೆಂಟಿಮೀಟರ್ ಅಂದುಕೊಳ್ಳಿ. ಊದಿದ್ದು ಐದು ಸೆಕೆಂಡ್ ಚಿಲ್ಲರೆಯ ಮೇಲೆ ವಾಪಸ್ ಬರುತ್ತದೆ. ಮೆಷಿನ್ ದೂರ ಸರಿಸಿದರೆ ಇನ್ನೂ ತಡ.

ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ ಮೈಕ್ ಸೆಟ್ ಅಣ್ಣ ಎಕೋ ತಿರುಗಿಸಿದಾಗ 'ಹಲೋ-ಲೋ-ಲೋ-ಲೋ' ಅನ್ನುತ್ತದಲ್ಲ, ಅದರ ಹಿಂದಿನ ತತ್ವವೂ ಇದೇ. ಗುಂಡಿ ಜಾಸ್ತಿ ತಿರುಗಿಸಿದರೆ ಲೋ ಲೋ ಮುಗಿಯುವುದೇ ಇಲ್ಲ, ಮೇಲೆ ಮೇಲೆ ಬಿದ್ದು ಗದ್ದಲ. ರೈಲಿ ಆ ಗದ್ದಲದ ಅಂಚಿನಲ್ಲೇ ನಿಂತು ಸಂಗೀತ ಮಾಡಿದರು. ನೆಲ ನಿಂತಿದ್ದರಿಂದ ಐದು ಸೆಕೆಂಡ್ ಹಿಂದಿನ ಸ್ವರ ಈಗಿನ ಸ್ವರದ ಜೊತೆ ಜಗಳವಾಡಲಿಲ್ಲ.

ಇನ್ನು ದೊಡ್ಡ ಕಥೆಗೆ ಬರೋಣ. ಇದರಲ್ಲಿ ಇಬ್ಬರು. ಒಬ್ಬರು ಮೈಲ್ಸ್ ಡೇವಿಸ್. ಇನ್ನೊಬ್ಬರು ಅವರ ನಿರ್ಮಾಪಕ ಟಿಯೊ ಮಾಸೆರೊ. ಮಾಸೆರೊ ಸುಮ್ನೆ ಕಂಪನಿಯ ಮನುಷ್ಯ ಅಲ್ಲ. ಜೂಲಿಯಾರ್ಡ್ ಎಂಬ ಹೆಸರಾಂತ ಸಂಗೀತ ಶಾಲೆಯಲ್ಲಿ ಓದಿದವರು, ಸ್ಯಾಕ್ಸೋಫೋನ್ ನುಡಿಸುತ್ತಿದ್ದವರು, ಸ್ವತಃ ಸಂಗೀತ ಬರೆಯುತ್ತಿದ್ದವರು. ಬ್ಲೇಡು ಹಿಡಿದ ಕೈಗೆ ಸ್ವರ ಗೊತ್ತಿತ್ತು.

1969ರ ಫೆಬ್ರವರಿ 18ರಂದು ನ್ಯೂಯಾರ್ಕ್‌ನಲ್ಲಿ ಒಂದು ದಿನದ ರೆಕಾರ್ಡಿಂಗ್. ಆಗಷ್ಟೇ ಇಂಗ್ಲೆಂಡಿನಿಂದ ಬಂದಿದ್ದ ಗಿಟಾರಿಸ್ಟ್ ಜಾನ್ ಮೆಕ್‌ಲಾಫ್ಲಿನ್ ಅಲ್ಲಿದ್ದರು. ಮುಂದೆ ಝಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಜೊತೆ ಶಕ್ತಿ ತಂಡ ಕಟ್ಟಿದವರು ಇವರೇ. ಅಲ್ಲೇ ಕೀಬೋರ್ಡ್ ನುಡಿಸುತ್ತಿದ್ದ ಜೋ ಝಾವಿನುಲ್ ಬರೆದ ಒಂದು ರಾಗವಿತ್ತು (ಟ್ಯೂನ್ ಅನ್ನುವ ಅರ್ಥದಲ್ಲಿ), ಅದರ ತುಂಬ ಕಾರ್ಡ್‌ಗಳು. ಮೈಲ್ಸ್ ಅವನ್ನೆಲ್ಲ ಕಿತ್ತುಹಾಕಿ ಒಂದೇ ಕಾರ್ಡಿನ ಮೇಲೆ ನಿಲ್ಲಿಸಿದರು, ತಂಬೂರಿ ಇಟ್ಟ ಹಾಗೆ. ನಿನಗೆ ಗಿಟಾರ್ ನುಡಿಸಲು ಬರುವುದೇ ಇಲ್ಲ ಅನ್ನುವ ಹಾಗೆ ನುಡಿಸು ಅಂತ ಮೆಕ್‌ಲಾಫ್ಲಿನ್‌ಗೆ ಹೇಳಿದರಂತೆ. ಇನ್ ಎ ಸೈಲೆಂಟ್ ವೇ ಆಲ್ಬಮ್‌ನ ಎರಡನೇ ಮಗ್ಗುಲು ಆ ರಾಗದಿಂದ ಶುರುವಾಗುತ್ತದೆ, ನಾಲ್ಕು ನಿಮಿಷ ಚಿಲ್ಲರೆ. ಆಮೇಲೆ ಬೇರೆ ಸಂಗೀತ, ಒಳ್ಳೆ ಬಿರುಸಿನದು. ಕೊನೆಯಲ್ಲಿ ಮೊದಲಿನ ರಾಗ ಮತ್ತೆ ಬರುತ್ತದೆ. ಎಷ್ಟು ಚೆನ್ನಾಗಿ ಮರಳಿ ಬಂದರಲ್ಲ ಅನ್ನಿಸುತ್ತದೆ. ಆದರೆ ಯಾರೂ ಮರಳಿ ಬಂದಿಲ್ಲ! ಮಾಸೆರೊ ಮೊದಲ ನಾಲ್ಕು ನಿಮಿಷದ ಪ್ರತಿ ತೆಗೆದು ಕೊನೆಗೆ ಅಂಟಿಸಿದ್ದಾರೆ. ಪ್ರತಿ ಉಸಿರೂ ಅದೇ.

ಗುಬ್ಬಿ ಕಂಪನಿ ನಾಟಕಗಳ ಕಾಲದಲ್ಲಿ ಜನ 'ಒನ್ಸ್ ಮೋರ್' ಅಂದರೆ ನಟರು ಅದೇ ರಂಗಗೀತೆಯನ್ನು ಮತ್ತೆ ಹಾಡುತ್ತಿದ್ದರು. ಆದರೆ ಎರಡನೇ ಸಲ ಒಂದು ಸಂಗತಿ ಜಾಸ್ತಿ ಬೀಳುತ್ತಿತ್ತು, ಗಂಟಲು ಸ್ವಲ್ಪ ದಣಿದಿರುತ್ತಿತ್ತು. ಮಾಸೆರೊ ಮಾಡಿದ ಒನ್ಸ್ ಮೋರ್‌ನಲ್ಲಿ ಹಾಗೇನೂ ಆಗುವುದಿಲ್ಲ. ಆದರೂ ಅದು ಬೇರೆ ಥರ ಕೇಳಿಸುತ್ತದೆ. ನಡುವೆ ಕೇಳಿದ ಬಿರುಸು ನಮ್ಮ ಕಿವಿಯಲ್ಲಿ ಉಳಿದಿರುತ್ತದೆ. ಟೇಪು ಬದಲಾಗಿಲ್ಲ, ಕೇಳುವವರು ಬದಲಾಗಿದ್ದಾರೆ. ನನಗೆ ಈ ಇಡೀ ವಿಷಯದ ರುಚಿ ಹತ್ತಿದ್ದು ಅಲ್ಲಿ. ನಿಜ ಹೇಳಬೇಕೆಂದರೆ ಅದು ಪ್ರತಿ ಅಂತ ಗೊತ್ತಾಗುವ ಮೊದಲು ನಾನು ಅದನ್ನು ಹತ್ತಾರು ಸಲ ಕೇಳಿದ್ದೆ.

ಆರು ತಿಂಗಳ ಮೇಲೆ, ಆಗಸ್ಟ್ 19, 20, 21. ಮೂರು ದಿನ. ಹಿಂದಿನ ದಿನವಷ್ಟೇ ವುಡ್‌ಸ್ಟಾಕ್ ಎಂಬ ಭಾರಿ ರಾಕ್ ಸಂಗೀತ ಉತ್ಸವ ಮುಗಿದಿತ್ತು. ಕೊಲಂಬಿಯಾ ಕಂಪನಿಯ ಸ್ಟುಡಿಯೊದಲ್ಲಿ ಹತ್ತು ಹನ್ನೆರಡು ಜನ ಕೂತಿದ್ದರು. ಒಬ್ಬರಿಗಿಂತ ಹೆಚ್ಚು ಡ್ರಮ್ಮರ್, ಒಬ್ಬರಿಗಿಂತ ಹೆಚ್ಚು ಎಲೆಕ್ಟ್ರಿಕ್ ಪಿಯಾನೊದವರು, ಎರಡು ಬಾಸ್. ಪೂರ್ತಿ ಬರೆದ ಸಂಗೀತ ಬಹಳ ಕಡಿಮೆ. ಒಂದು ಬಾಸ್ ವರಸೆ, ಒಂದು ಲಯ, ಒಂದಿಷ್ಟು ಸ್ವರ ಕೊಟ್ಟು ಮೈಲ್ಸ್ ಕೈಸನ್ನೆ ಮಾಡುತ್ತಿದ್ದರು. ಟೇಪು ನಿಲ್ಲಿಸಬೇಡಿ ಅನ್ನುವುದು ನಿಯಮ. ಅವರು ನುಡಿಸಿದ್ದು ಹಾಡಲ್ಲ, ಹಾಡಿಗೆ ಬೇಕಾದ ಹಸಿ ಸಾಮಾನು.

ಅದರಿಂದ ಬಂದದ್ದು ಬಿಚಸ್ ಬ್ರ್ಯೂ, 1970ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಎರಡು ತಟ್ಟೆಯ ಆಲ್ಬಮ್. ಅದರ ಮೊದಲ ಸಂಗೀತ ಫೇರೋಸ್ ಡಾನ್ಸ್ 20 ನಿಮಿಷದ್ದು. ಕಿವಿಗೊಟ್ಟು ಅಳೆದವರು ಅದರಲ್ಲಿ 19 ಕಡೆ ಕತ್ತರಿ ಬಿದ್ದಿದೆ ಅಂತ ಎಣಿಸಿದ್ದಾರೆ. ಒಂಬತ್ತನೇ ನಿಮಿಷ ಮುಗಿಯುವ ಹೊತ್ತಿಗೆ ಒಂದು ಸೆಕೆಂಡಿನಷ್ಟು ಪುಟ್ಟ ತುಂಡು ಸಾಲಾಗಿ ಐದು ಸಲ ಬರುತ್ತದೆ. ಗಾಡಿಯ ಚಕ್ರ ಗುಂಡಿಯಲ್ಲಿ ಸಿಕ್ಕಿ ಹಿಂದೆ ಮುಂದೆ ಆಡಿದ ಹಾಗೆ. ಆಮೇಲೆ ಗಾಡಿ ಮುಂದಕ್ಕೆ ಹೋಗುತ್ತದೆ. ಮನುಷ್ಯರು ಹಾಗೆ ನುಡಿಸುವುದಿಲ್ಲ. ತಮಟೆಯವರು ಒಂದೇ ಪೆಟ್ಟನ್ನು ಐದು ಸಲ ಹಾಕಿದರೂ ಒಂದಕ್ಕೊಂದು ಕೂದಲೆಳೆ ವ್ಯತ್ಯಾಸ ಇದ್ದೇ ಇರುತ್ತದೆ. ಇಲ್ಲಿ ಇಲ್ಲ. ಮಾಸೆರೊ ತನ್ನ ಗುರುತನ್ನು ಅಡಗಿಸಲು ನೋಡಿಲ್ಲ. ನಾನು ಇಲ್ಲಿದ್ದೇನೆ ಅಂತ ಕೈ ಎತ್ತಿದ್ದಾರೆ. ಆಲ್ಬಮ್‌ನ ಹೆಸರು ಹೊತ್ತ ಸಂಗೀತದಲ್ಲಿ, ಆರಂಭದ ಕಹಳೆ ಗುಹೆಯೊಳಗಿನಿಂದ ಮೊಳಗಿ ಮತ್ತೆ ಮತ್ತೆ ತಿರುಗಿ ಬರುತ್ತದಲ್ಲ, ಆ ಮಾರ್ದನಿಯೂ ಸ್ಟುಡಿಯೊದಲ್ಲಿ ಸೇರಿಸಿದ್ದು.

ಇದರಲ್ಲೂ ನುಡಿಸಿದ್ದ ಝಾವಿನುಲ್ ಮುಂದೆ ಒಂದು ಪ್ರಸಂಗ ಹೇಳಿಕೊಳ್ಳುತ್ತಿದ್ದರು. ರೆಕಾರ್ಡ್ ಕಂಪನಿಯ ಕಚೇರಿಗೆ ಹೋದಾಗ ಅಲ್ಲೊಂದು ಸಂಗೀತ ಕೇಳಿ, ಭಾರಿ ಇದೆಯಲ್ಲ, ಯಾರದು ಅಂತ ವಿಚಾರಿಸಿದರಂತೆ. ನಿಮ್ಮದೇ, ಬಿಚಸ್ ಬ್ರ್ಯೂ ಅಂತ ಉತ್ತರ ಬಂತಂತೆ. ಕಥೆಗೆ ಸ್ವಲ್ಪ ಉಪ್ಪುಖಾರ ಹಚ್ಚಿರಬಹುದು. ಆದರೆ ಅದರೊಳಗಿನ ಮಾತು ಸುಳ್ಳಲ್ಲ. ನುಡಿಸಿದವರಿಗೇ ಗುರುತು ಸಿಗದಷ್ಟು ಸಂಗೀತ ಬದಲಾಗಿತ್ತು.

ಹಾಗಾದರೆ ಇದನ್ನು ಕಟ್ಟಿದವರು ಯಾರು? ತಟ್ಟೆಯ ಮೇಲೆ ಮಾಸೆರೊ ಹೆಸರಿನ ಮುಂದೆ ಇರುವುದು ನಿರ್ಮಾಪಕ ಅಂತ ಮಾತ್ರ. ನನ್ನನ್ನು ಕೇಳಿದರೆ ಅಲ್ಲಿ ಎರಡು ಸಲ ಮನೋಧರ್ಮ ನಡೆದಿದೆ. ಮೊದಲನೆಯದು ಮೂರು ದಿನ, ವಾದ್ಯ ಹಿಡಿದು. ಎರಡನೆಯದು ಆಮೇಲೆ, ಬ್ಲೇಡು ಹಿಡಿದು. ಎರಡನೆಯದಕ್ಕೂ ಮೊದಲೇ ಬರೆದಿಟ್ಟ ನಕ್ಷೆ ಇರಲಿಲ್ಲ. ಕೇಳುವುದು, ಹೊಳೆದ ಕಡೆ ಕತ್ತರಿಸುವುದು, ಅಂಟಿಸಿ ಮತ್ತೆ ಕೇಳುವುದು. ಕಲ್ಪನಾಸ್ವರ ಹಾಕುವವರು ಹಿಂದೆ ಹೋಗಿ ತಿದ್ದಲಾರರು, ಎಡಿಟರ್ ತಿದ್ದಬಲ್ಲರು. ಅದೊಂದೇ ಅನುಕೂಲ. ಅದನ್ನು ಮೋಸ ಅನ್ನುವವರೊಡನೆ ನಾನು ವಾದಕ್ಕೆ ಹೋಗುವುದಿಲ್ಲ. ಆದರೆ ಸಿನಿಮಾ ನೋಡುವಾಗ ಯಾರೂ ಹಾಗನ್ನುವುದಿಲ್ಲ ಅಲ್ವಾ? ನಟರು ಮೂರು ಗಂಟೆ ಒಂದೇ ಉಸಿರಿಗೆ ಅಭಿನಯಿಸಿದ್ದಾರೆ ಅಂತ ಯಾರೂ ನಂಬಿಕೊಂಡಿರುವುದಿಲ್ಲ.

1972ರ ಆನ್ ದಿ ಕಾರ್ನರ್‌ನಲ್ಲಿ ಮೈಲ್ಸ್ ಇನ್ನೂ ಮುಂದೆ ಹೋದರು. ಅದರಲ್ಲಿ ಸಿತಾರ್ ಇದೆ, ಬಾದಲ್ ರಾಯ್ ಅವರ ತಬಲಾ ಇದೆ. ಆಗಿನ ವಿಮರ್ಶಕರು ಅದನ್ನು ಚೆನ್ನಾಗಿ ಬೈದರು. ಮುಂದಿನ ತಲೆಮಾರಿನವರು, ಅದರಲ್ಲೂ ಕಂಪ್ಯೂಟರಿನಲ್ಲಿ ಸಂಗೀತ ಮಾಡುವವರು, ತಲೆಯ ಮೇಲೆ ಹೊತ್ತುಕೊಂಡರು. ಮೊದಲ ಸಲ ಕೇಳುವವರಿಗೆ ನಾನು ಇದನ್ನು ಹೇಳುವುದಿಲ್ಲ. ಇನ್ ಎ ಸೈಲೆಂಟ್ ವೇ ಮೊದಲು ಕೇಳಿ, ರಾತ್ರಿ ಹೊತ್ತು.

ಇದರ ಇನ್ನೊಂದು ಕವಲು ಜಾನ್ ಹ್ಯಾಸೆಲ್. ಇವರೂ ಕಹಳೆಗಾರರೇ. ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥ್ ಅವರ ಹತ್ತಿರ ಕಲಿತರು. ಗಂಟಲಿನ ಮೀಂಡನ್ನು, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದನ್ನು, ಕಹಳೆಯಲ್ಲಿ ತರಲು ಹೊರಟರು. ಆಮೇಲೆ ಅದಕ್ಕೆ ಹಾರ್ಮೊನೈಸರ್ ಎಂಬ ಪೆಟ್ಟಿಗೆ ಜೋಡಿಸಿದರು. ಒಂದು ಸ್ವರ ಊದಿದರೆ ಅದರ ಜೊತೆಗೇ ಬೇರೆ ಶ್ರುತಿಯ ಪ್ರತಿಗಳನ್ನು ನುಡಿಸುವ ಪೆಟ್ಟಿಗೆ ಅದು. ಒಂದೇ ವಾಲಗಕ್ಕೆ ಹತ್ತು ಬಾಯಿ ಬಂದ ಹಾಗೆ. ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೊ ಜೊತೆ 1980ರಲ್ಲಿ ಅವರು ಮಾಡಿದ ಪಾಸಿಬಲ್ ಮ್ಯೂಸಿಕ್ಸ್ ಕೇಳಿದರೆ ಅದು ಕಹಳೆ ಅಂತ ಹೇಳುವುದೇ ಕಷ್ಟ. ಇಲ್ಲಿ ಸ್ಟುಡಿಯೊ ಆಮೇಲೆ ಬರುವ ಕತ್ತರಿ ಅಲ್ಲ. ಊದುವ ಹೊತ್ತಿಗೇ ಜೊತೆಯಲ್ಲಿ ಕೂತ ಪಕ್ಕವಾದ್ಯ.

ಕಂಪ್ಯೂಟರ್ ಬಂದ ಮೇಲೆ ಬ್ಲೇಡು ಹೋಗಿ ಮೌಸ್ ಬಂತು. ಶ್ರುತಿ ಏರಿಸದೆ ವೇಗ ಹೆಚ್ಚಿಸಬಹುದು, ವೇಗ ಬದಲಿಸದೆ ಶ್ರುತಿ ಇಳಿಸಬಹುದು, ತಪ್ಪಾದರೆ ವಾಪಸ್ ಹೋಗಬಹುದು. ಆ ಮೂರು ದಪ್ಪಗಳನ್ನು ಈಗ ಬೇಕಾದ ಹಾಗೆ ಉಜ್ಜಿ ಹೊಂದಿಸಬಹುದು. ಶಿಕಾಗೊದ ಡ್ರಮ್ಮರ್ ಮಕಾಯಾ ಮೆಕ್‌ಕ್ರೇವನ್ ಒಂದು ವರ್ಷ ಕಾಲ ಗೆಳೆಯರ ಜೊತೆ ಜನರ ಮುಂದೆ ಏನೂ ಮೊದಲೇ ನಿರ್ಧರಿಸದೆ ನುಡಿಸಿದರು. 28 ಕಾರ್ಯಕ್ರಮ, ಸುಮಾರು 48 ಗಂಟೆ ರೆಕಾರ್ಡಿಂಗ್. ಅದನ್ನು ಮನೆಯಲ್ಲಿ ಕೂತು ಕತ್ತರಿಸಿ, ಸುತ್ತಿ, ಪೇರಿಸಿ 2015ರಲ್ಲಿ ಇನ್ ದಿ ಮೊಮೆಂಟ್ ಎಂಬ ಆಲ್ಬಮ್ ಮಾಡಿದರು. ಇಲ್ಲಿ ನುಡಿಸಿದವರೂ ಕತ್ತರಿಸಿದವರೂ ಒಬ್ಬರೇ. ನಾರ್ವೆಯ ಕ್ರಿಸ್ಟಿಯಾನ್‌ಸಾಂಡ್‌ನಲ್ಲಿ 2005ರಿಂದ ಪುಂಕ್ಟ್ ಎಂಬ ಉತ್ಸವ ನಡೆಯುತ್ತದೆ. ಅಲ್ಲಿ ಒಂದು ಕಛೇರಿ ಮುಗಿದ ಕೂಡಲೇ ಬೇರೆ ಕಲಾವಿದರು ಅದರ ರೆಕಾರ್ಡಿಂಗನ್ನೇ ಹಿಡಿದು ಜನರ ಎದುರಿಗೇ ಕತ್ತರಿಸಿ ಹೊಸ ಕಛೇರಿ ಮಾಡುತ್ತಾರೆ. ಎರಡನೇ ಮನೋಧರ್ಮಕ್ಕೂ ವೇದಿಕೆ ಸಿಕ್ಕಿತು ಅನ್ನಿ.

ಆ 48 ಗಂಟೆ ಓದಿದಾಗ ನನಗೆ ನೆನಪಾಗಿದ್ದು ಕೈವಾರ. ಪ್ರತಿ ಗುರುಪೂರ್ಣಿಮೆಗೆ ತಾತಯ್ಯನವರ, ಅಂದರೆ ಯೋಗಿ ನಾರೇಯಣರ, ಸನ್ನಿಧಿಯಲ್ಲಿ ಮೂರು ದಿನ, 72 ಗಂಟೆ, ಎಡೆಬಿಡದೆ ಸಂಗೀತ. ಭಜನೆಯವರು, ಹರಿಕಥೆಯವರು, ವಾಲಗದವರು, ದೊಡ್ಡ ವಿದ್ವಾಂಸರು, ಒಬ್ಬರು ಇಳಿದರೆ ಒಬ್ಬರು ಹತ್ತುತ್ತಾರೆ. ರಾತ್ರಿ ಮೂರು ಗಂಟೆಗೆ ಮಂಟಪದಲ್ಲಿ ಅರ್ಧ ಜನ ಮಲಗಿರುತ್ತಾರೆ, ಹಾಡು ನಿಂತಿರುವುದಿಲ್ಲ. ಮಾಸೆರೊ ಅಲ್ಲಿ ಬಂದು ಕೂತಿದ್ದರೆ ಏನು ಉಳಿಸುತ್ತಿದ್ದರು, ಏನು ಎಸೆಯುತ್ತಿದ್ದರು ಅಂತ ಯೋಚಿಸುತ್ತಾ ಒಂದು ಸಲ ನಾನೂ ಎಚ್ಚರವಾಗಿದ್ದೆ.

ಎಸೆದದ್ದು ಅಂದೆ. ಅದೂ ಒಂದು ಕಥೆಯೇ. ಕೆಜಿಎಫ್ ಕಡೆ ಹೋದವರು ಸೈನೈಡ್ ದಿಬ್ಬಗಳನ್ನು ನೋಡಿರುತ್ತೀರಿ. 1880ರಿಂದ 2001ರವರೆಗೆ ಗಣಿಯಿಂದ ತೆಗೆದ ಕಲ್ಲನ್ನು ಪುಡಿಮಾಡಿ, ಚಿನ್ನ ಸೋಸಿ, ಉಳಿದ ಮಣ್ಣು ಸುರಿದದ್ದು ಅಲ್ಲಿ. ಆ ಮಣ್ಣಿನಲ್ಲಿ ಇನ್ನೂ ಸ್ವಲ್ಪ ಚಿನ್ನ ಉಳಿದಿದೆ ಅಂತ ಮತ್ತೆ ಸೋಸುವ ಮಾತು ಆಗಾಗ ಏಳುತ್ತಲೇ ಇರುತ್ತದೆ. ಮೈಲ್ಸ್ ಅವರ ದಿಬ್ಬವನ್ನು ಕಂಪನಿಯವರು ನಿಜವಾಗಿಯೂ ಅಗೆದರು. ಆ ಕಾಲದ ಬಿಚಸ್ ಬ್ರ್ಯೂ ರೆಕಾರ್ಡಿಂಗ್‌ಗಳು 1998ರಲ್ಲಿ ನಾಲ್ಕು ಸಿಡಿಯಾಗಿ ಬಂದವು, ಆನ್ ದಿ ಕಾರ್ನರ್‌ನವು 2007ರಲ್ಲಿ ಆರು ಸಿಡಿಯಾಗಿ. ಕತ್ತರಿಸದ ಸಂಗೀತವೇ ಮೇಲು ಅನ್ನುವವರು ಈಗ ಇದ್ದಾರೆ. ನಾನು ಒಂದಷ್ಟು ಕೇಳಿದೆ. ಚಿನ್ನ ಇದೆ, ನಿಜ. ಮಣ್ಣೂ ಜಾಸ್ತಿ ಇದೆ.

ಕಳೆದ ವರ್ಷ ನಾನೂ ಒಂದು ಕೈ ನೋಡೋಣ ಅಂದುಕೊಂಡೆ. ತಮಟೆ ನಮ್ಮ ಜಿಲ್ಲೆಯ ಹೆಮ್ಮೆ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಅದರಿಂದಲೇ. ನಮ್ಮೂರಿನಲ್ಲೂ ತಮಟೆ ಬಾರಿಸುವ ಒಬ್ಬರು ತಾತ ಇದ್ದಾರೆ. ಊರ ಜಾತ್ರೆಯಲ್ಲಿ ಅವರು ಬಾರಿಸಿದ್ದನ್ನು ಮೊಬೈಲಿನಲ್ಲಿ ನಲವತ್ತು ನಿಮಿಷ ಹಿಡಿದೆ. ಆಡಾಸಿಟಿ ಅಂತ ಕಾಸಿಲ್ಲದೆ ಸಿಗುವ ಸಾಫ್ಟ್‌ವೇರ್ ಇದೆ. ಅದರಲ್ಲಿ ಹಾಕಿ ಎರಡು ವಾರ ರಾತ್ರಿ ಕತ್ತರಿಸಿದೆ. ಬಾಸ್ ಇಲ್ಲ, ಕಾರ್ಡ್ ಇಲ್ಲ, ಇರುವುದು ಲಯ ಒಂದೇ, ಸುಲಭ ಅಂದುಕೊಂಡಿದ್ದೆ. ಸುಲಭವಲ್ಲ. ತಾತ ಹುರುಪು ಬಂದ ಹಾಗೆಲ್ಲ ವೇಗ ಏರಿಸಿದ್ದರು. ಹತ್ತನೇ ನಿಮಿಷದ ತುಂಡು ಮೂವತ್ತನೆಯದಕ್ಕೆ ಹತ್ತಿಸಿದರೆ ಓಡುತ್ತಿದ್ದವನು ಎಡವಿ ಬಿದ್ದ ಹಾಗಾಗುತ್ತಿತ್ತು. ಇನ್ನೊಂದು ಕಷ್ಟ, ತಮಟೆ ಕಾಯಿಸಿದ್ದು. ಬೆಂಕಿಯಿಂದ ಈಚೆ ತಂದಾಗ ಠಣ್ ಅನ್ನುವ ಚರ್ಮ ಹೊತ್ತು ಕಳೆದ ಹಾಗೆ ಸಡಿಲವಾಗಿ ನಾದ ಇಳಿಯುತ್ತದೆ. ಶ್ರುತಿಯ ತಂಟೆ ಇಲ್ಲ ಅಂದುಕೊಂಡ ಕಡೆ ಶ್ರುತಿಯೇ ಕಾಡಿತು. ಅಂತೂ ಕೊನೆಗೆ ಆರು ನಿಮಿಷ ಉಳಿಯಿತು.

ತಾತನಿಗೆ ಇಯರ್‌ಫೋನ್ ಸಿಕ್ಕಿಸಿ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ಮೂರನೇ ನಿಮಿಷದ ಹತ್ತಿರ ಕೈ ಎತ್ತಿದರು.

"ಇಲ್ಲೊಂದು ಅರ್ಧ ಏಟು ನುಂಗಿಬಿಟ್ಟಿದ್ದೀಯಲ್ಲಪ್ಪಾ."

ಅದು ನಾನು ಗಮನಿಸಿಯೇ ಇರಲಿಲ್ಲ. ಸರಿ ಮಾಡಿಕೊಂಡು ಬರುತ್ತೇನೆ ತಾತ ಅಂದೆ. "ಇರು, ಇನ್ನೊಂದು ಸಲ ಹಾಕು" ಅಂದರು. ಹಾಕಿದೆ. ಮತ್ತೊಂದು ಸಲ ಅಂದರು. ಆಮೇಲೆ ಇಯರ್‌ಫೋನ್ ಕಿತ್ತು ನನ್ನ ಕೈಗೆ ಕೊಟ್ಟು, ಗೋಡೆಗೆ ತಗುಲಿಹಾಕಿದ್ದ ತಮಟೆ ತೆಗೆದುಕೊಂಡರು. ಕಾಯಿಸದೆಯೇ ಬಾರಿಸಿದರು. ಅರ್ಧ ಏಟು ನುಂಗಿ, ಅಲ್ಲೇ ಕಾಲು ತಿರುಗಿಸಿ, ಸರಿಯಾಗಿ ಮುಂದಿನ ಏಟಿಗೆ ಬಂದು ಬಿದ್ದರು.